ಪ್ರಾಥಮಿಕ ಶಾಲಾ ಗ್ರಂಥಾಲಯ ಮತ್ತು ಮಕ್ಕಳ ಓದು

ಪ್ರಾಥಮಿಕ ಶಾಲಾ ಗ್ರಂಥಾಲಯವು ಒಂದರಿಂದ ಏಳು ಅಥವಾ ಎಂಟನೆಯ ತರಗತಿಯವರೆಗಿನ ಮಕ್ಕಳಿಗೆ ಪಠ್ಯಪುಸ್ತಕದ ಹೊರಗಿನ ಓದನ್ನು ಒದಗಿಸುವ ವ್ಯವಸ್ಥೆಯಾಗಿದೆ. ಕರ್ನಾಟಕದ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಇದಕ್ಕೆ ಪ್ರತ್ಯೇಕ ಕೊಠಡಿ ಇರುವುದು ಕಡಿಮೆ. ಹೆಚ್ಚಿನ ಕಡೆಗಳಲ್ಲಿ ಮುಖ್ಯೋಪಾಧ್ಯಾಯರ ಕೊಠಡಿಯ ಒಂದೆರಡು ಕಪಾಟುಗಳು, ಅಥವಾ ತರಗತಿಯ ಗೋಡೆಗೆ ಹಗ್ಗ ಕಟ್ಟಿ ಪುಸ್ತಕಗಳನ್ನು ತೂಗುಹಾಕಿದ ‘ಓದುವ ಮೂಲೆ’ಯೇ ಗ್ರಂಥಾಲಯವೆನಿಸಿಕೊಳ್ಳುತ್ತದೆ. ಗ್ರಂಥಪಾಲಕರ ಹುದ್ದೆ ಈ ಶಾಲೆಗಳಿಗೆ ಇಲ್ಲದಿರುವುದರಿಂದ ಶಿಕ್ಷಕರಲ್ಲಿ ಒಬ್ಬರು ಇದರ ಹೊಣೆಯನ್ನು ಹೊರುತ್ತಾರೆ.

ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯ ತಾಲೂಕಿನ ಮರ್ಕಂಜದಂತಹ ಗ್ರಾಮಗಳಲ್ಲಿ ಈ ಕಪಾಟಿಗೆ ಪೇಟೆಯ ಶಾಲೆಗಳಲ್ಲಿ ಇಲ್ಲದ ಮಹತ್ತ್ವವಿದೆ. ಬಯಲುಸೀಮೆಯ ಊರುಗಳಂತೆ ಇಲ್ಲಿ ಮನೆಗಳು ಒಂದೆಡೆ ಗುಂಪಾಗಿಲ್ಲ. ಅಡಿಕೆ ತೋಟ, ರಬ್ಬರ್ ಗುಡ್ಡ, ಹೊಳೆಗಳ ನಡುವೆ ದೂರದೂರಕ್ಕೆ ಚದುರಿಕೊಂಡಿವೆ. ಮಗುವೊಂದು ದಿನವೂ ತಪ್ಪದೆ ತಲುಪುವ ಸಾರ್ವಜನಿಕ ಸ್ಥಳವೆಂದರೆ ಶಾಲೆ ಮಾತ್ರ. ಪುಸ್ತಕದ ಅಂಗಡಿ ಇರುವುದು ತಾಲೂಕು ಕೇಂದ್ರದಲ್ಲಿ. ಅಲ್ಲಿಯೂ ಮಾರಾಟವಾಗುವುದು ಬಹುಪಾಲು ನೋಟುಪುಸ್ತಕ ಮತ್ತು ಪರೀಕ್ಷಾ ಕೈಪಿಡಿಗಳು. ಹೀಗಾಗಿ ಕಥೆಪುಸ್ತಕವೊಂದು ಇಂತಹ ಮನೆಯ ಹೊಸ್ತಿಲು ದಾಟಬೇಕಾದರೆ ಶಾಲೆಗೆ ಹೋಗುವ ಮಗುವಿನ ಚೀಲದಲ್ಲಿಯೇ ಅದು ಬರಬೇಕಾಗುತ್ತದೆ.

ಈ ಸೀಮೆಯ ಮಕ್ಕಳ ಸಾಹಿತ್ಯದ ಹಿನ್ನೆಲೆ

ಮಕ್ಕಳಿಗೆ ಪಠ್ಯದಾಚೆಯ ಓದು ಬೇಕೆಂಬ ವಿಚಾರ ದಕ್ಷಿಣ ಕನ್ನಡಕ್ಕೆ ಹೊಸದಲ್ಲ. ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು (1874–1937) ಶಿಕ್ಷಕರಾಗಿಯೂ ಶಾಲಾ ಇನ್ಸ್‌ಪೆಕ್ಟರರಾಗಿಯೂ ದುಡಿದವರು. ತರಗತಿಯೊಳಗೆ ಮಕ್ಕಳು ಯಾವುದಕ್ಕೆ ಕಿವಿಗೊಡುತ್ತಾರೆ, ಯಾವುದಕ್ಕೆ ಆಕಳಿಸುತ್ತಾರೆ ಎಂಬುದನ್ನು ಹತ್ತಿರದಿಂದ ಕಂಡಿದ್ದವರು. ಮಂಗಳೂರಿನಲ್ಲಿ ಅವರು ಬಾಲಸಾಹಿತ್ಯ ಮಂಡಲವನ್ನು ಕಟ್ಟಿ ಮಕ್ಕಳಿಗೆಂದೇ ಪುಸ್ತಕಗಳನ್ನು ಹೊರತಂದರು. ಅವರ ಶಿಶುಗೀತೆಗಳೂ ಕಥೆಗಳೂ ಗಟ್ಟಿಯಾಗಿ ಓದುವುದಕ್ಕೂ ಕುಣಿಯುವುದಕ್ಕೂ ಒದಗುವಂತಹವು. ಇಂದಿಗೂ ಕೆಳ ತರಗತಿಯ ಶಿಕ್ಷಕರಿಗೆ ಅವುಗಳಷ್ಟು ಒದಗಿಬರುವ ಸಾಮಗ್ರಿ ವಿರಳ.

ಪುತ್ತೂರಿನಲ್ಲಿ ದೀರ್ಘಕಾಲ ನೆಲೆಸಿದ್ದ ಶಿವರಾಮ ಕಾರಂತರು (1902–1997) ತಮ್ಮ ‘ಬಾಲವನ’ದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. 1936ರಲ್ಲಿ ಪ್ರಕಟವಾದ ಅವರ ‘ಬಾಲ ಪ್ರಪಂಚ’ ಮೂರು ಸಂಪುಟಗಳ ಸಚಿತ್ರ ವಿಶ್ವಕೋಶ. ಕನ್ನಡದ ಮಕ್ಕಳಿಗಾಗಿ ಒಬ್ಬನೇ ಲೇಖಕ ಇಂತಹ ಕೆಲಸಕ್ಕೆ ಕೈಹಾಕಿದ್ದು ಆ ಕಾಲಕ್ಕೆ ಸಾಹಸವೇ ಸರಿ. ಮುಂದೆ ಮತ್ತೊಂದು ಕಿರಿಯರ ವಿಶ್ವಕೋಶವನ್ನು ಸಂಪಾದಿಸಿದವರೂ ಇದೇ ಮಣ್ಣಿನವರು. ಏಳು ಸಂಪುಟಗಳ ‘ಜ್ಞಾನ ಗಂಗೋತ್ರಿ’ಯ ಪ್ರಧಾನ ಸಂಪಾದಕರಾದ ನಿರಂಜನರು (ಕುಳಕುಂದ ಶಿವರಾಯ) ಹುಟ್ಟಿದ್ದು ಸುಬ್ರಹ್ಮಣ್ಯದ ಬಳಿಯ ಕುಳಕುಂದದಲ್ಲಿ, ಅದು ಈಗಿನ ಕಡಬ ತಾಲೂಕಿಗೆ ಸೇರಿದೆ. ಜಗತ್ತಿನ ಹಲವು ದೇಶಗಳ ಕಥೆಗಳನ್ನು ಕನ್ನಡಕ್ಕೆ ತಂದ 25 ಸಂಪುಟಗಳ ‘ವಿಶ್ವಕಥಾಕೋಶ’ವೂ ಅವರ ಸಂಪಾದಕತ್ವದಲ್ಲಿಯೇ ಬಂದಿತು. ಪುತ್ತೂರು ಸೀಮೆಯವರಾದ ಬೊಳುವಾರು ಮಹಮದ್ ಕುಂಞಿಯವರು ಕನ್ನಡದ ಮಕ್ಕಳ ಪದ್ಯಗಳನ್ನು ‘ತಟ್ಟು ಚಪ್ಪಾಳೆ ಪುಟ್ಟ ಮಗು’ ಎಂಬ ಸಂಕಲನದಲ್ಲಿ ಒಟ್ಟುಗೂಡಿಸಿದರು. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಲ್ಲಿ ಬಾಲಸಾಹಿತ್ಯ ಪುರಸ್ಕಾರವನ್ನು ಆರಂಭಿಸಿದಾಗ ಕನ್ನಡದ ಮೊದಲ ಪುರಸ್ಕಾರವು ಗಾಂಧೀಜಿಯನ್ನು ಕುರಿತ ಅವರ ಮಕ್ಕಳ ಕೃತಿಗೆ ಸಂದಿತು.

ಗ್ರಂಥಾಲಯ ವಿಜ್ಞಾನದ ಭಾರತೀಯ ಪಿತಾಮಹರೆನಿಸಿದ ಎಸ್. ಆರ್. ರಂಗನಾಥನ್ ಅವರಿಗೂ ಕರಾವಳಿಯ ನಂಟಿದೆ. ಗ್ರಂಥಪಾಲಕರಾಗುವ ಮೊದಲು, 1917ರಲ್ಲಿ, ಅವರು ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾಗಿದ್ದರು. 1931ರಲ್ಲಿ ಅವರು ಮಂಡಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕವಿರುವುದು ಕಾಪಿಡುವುದಕ್ಕಲ್ಲ, ಬಳಸುವುದಕ್ಕೆ ಎಂಬ ಆಶಯದ್ದು. ಕೇಳಲು ಇದು ತೀರಾ ಸರಳವಾದ ಮಾತು. ಆದರೆ ಪ್ರಾಥಮಿಕ ಶಾಲೆಗಳಲ್ಲಿ ಅತಿ ಹೆಚ್ಚು ಮುರಿಯಲ್ಪಡುವ ಸೂತ್ರವೂ ಇದೇ.

ಕಾನೂನು, ಯೋಜನೆ ಮತ್ತು ಅನುದಾನ

1986ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ 1987ರಲ್ಲಿ ಆರಂಭವಾದ ‘ಆಪರೇಷನ್ ಬ್ಲ್ಯಾಕ್‌ಬೋರ್ಡ್’ ಯೋಜನೆಯ ಮೂಲಕ ಅನೇಕ ಹಳ್ಳಿಶಾಲೆಗಳಿಗೆ ಪುಸ್ತಕಗಳು ಬಂದವು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಪ್ರತಿಯೊಂದು ಶಾಲೆಯಲ್ಲಿಯೂ ವೃತ್ತಪತ್ರಿಕೆ, ನಿಯತಕಾಲಿಕೆ ಹಾಗೂ ಕಥೆಪುಸ್ತಕಗಳನ್ನೊಳಗೊಂಡ ಗ್ರಂಥಾಲಯವಿರಬೇಕೆಂದು ವಿಧಿಸುತ್ತದೆ. ಕಥೆಪುಸ್ತಕವನ್ನು ಕಾನೂನು ಹೆಸರಿಸಿ ಹೇಳಿರುವುದು ಗಮನಾರ್ಹ. 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಗ್ರಂಥಾಲಯಕ್ಕಾಗಿ ಕಿರಿಯ ಪ್ರಾಥಮಿಕ ಶಾಲೆಗೆ ವರ್ಷಕ್ಕೆ 5,000 ರೂಪಾಯಿಗಳವರೆಗೆ ಅನುದಾನಕ್ಕೆ ಅವಕಾಶವಿದೆ. ದೊಡ್ಡ ಶಾಲೆಗಳಿಗೆ ಹೆಚ್ಚು. ಕರ್ನಾಟಕದಲ್ಲಿ ತಿಂಗಳಿಗೊಂದು ಶನಿವಾರ ಚೀಲವಿಲ್ಲದೆ ಶಾಲೆಗೆ ಬರುವ ‘ಸಂಭ್ರಮ ಶನಿವಾರ’ವೂ ಓದಿಗೆ ಒದಗಬಹುದಾದ ಬಿಡುವು.

ಬೀಗ ಹಾಕಿದ ಕಪಾಟು

ಪುಸ್ತಕಗಳಿದ್ದೂ ಮಕ್ಕಳು ಓದದಿರುವುದಕ್ಕೆ ಸಾಮಾನ್ಯವಾಗಿ ಮಕ್ಕಳನ್ನು, ದೂರದರ್ಶನವನ್ನು, ಈಚೆಗೆ ಮೊಬೈಲನ್ನು ದೂರುವುದುಂಟು. ಆದರೆ ಶಾಲೆಯೊಳಗಿನ ಕಾರಣವೊಂದು ಇವೆಲ್ಲಕ್ಕಿಂತ ಹಳೆಯದು. ಅದು ದಾಸ್ತಾನು ವಹಿ. ಸರಕಾರಿ ಶಾಲೆಯ ಪುಸ್ತಕವು ಬೆಂಚು, ಗಂಟೆ, ಗಡಿಯಾರಗಳಂತೆಯೇ ಲೆಕ್ಕಕ್ಕೆ ಸೇರಿದ ಸ್ವತ್ತು. ಮುಖ್ಯೋಪಾಧ್ಯಾಯರು ವರ್ಗವಾಗಿ ಹೋಗುವಾಗ ಪ್ರಭಾರ ವಹಿಸಿಕೊಡಬೇಕು. ತಪಾಸಣೆಯ ಸಂದರ್ಭದಲ್ಲಿ ಸಂಖ್ಯೆ ತಾಳೆಯಾಗಬೇಕು. ಹತ್ತು ಪುಸ್ತಕಗಳು ಹರಿದರೆ ಅಥವಾ ಕಳೆದರೆ ವಿವರಣೆ ನೀಡಬೇಕಾದವರು ಶಿಕ್ಷಕರು. ಒಂದು ಪುಸ್ತಕವೂ ಕಪಾಟಿನಿಂದ ಹೊರಗೆ ಬರದಿದ್ದರೆ ವಿವರಣೆ ಕೇಳುವವರು ಯಾರೂ ಇಲ್ಲ. ಇಂತಹ ಏರ್ಪಾಟಿನಲ್ಲಿ ಬೀಗ ಹಾಕುವುದು ಸೋಮಾರಿತನವಲ್ಲ, ಆತ್ಮರಕ್ಷಣೆ. ಆದ್ದರಿಂದ ಓದಿಸುವ ಪ್ರಯತ್ನ ಮೊದಲಾಗಬೇಕಾದದ್ದು ಮಕ್ಕಳ ಮನವೊಲಿಸುವುದರಿಂದಲ್ಲ, ಶಿಕ್ಷಕರ ಈ ಭಯವನ್ನು ನೀಗುವುದರಿಂದ.

ಇದಕ್ಕೆ ಸುಲಭವಾದ ದಾರಿಗಳಿವೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ, ವರ್ಷಕ್ಕೆ ಇಷ್ಟು ಪುಸ್ತಕಗಳು ಬಳಕೆಯಿಂದ ಸವೆಯುವುದು ಸಹಜವೆಂದು ಮೊದಲೇ ಚರ್ಚಿಸಿ, ಹರಿದವುಗಳ ಪಟ್ಟಿಯನ್ನು ವರ್ಷಾಂತ್ಯದಲ್ಲಿ ಸಭೆಯ ನಡಾವಳಿಯಲ್ಲಿ ದಾಖಲಿಸುವುದು ಒಂದು. ಊರವರೂ ಹಳೆ ವಿದ್ಯಾರ್ಥಿಗಳೂ ಕೊಡುಗೆಯಾಗಿ ನೀಡಿದ ಪುಸ್ತಕಗಳನ್ನು ಬೇರೆಯೇ ಒಂದು ವಹಿಯಲ್ಲಿ ಬರೆದಿರಿಸಿ, ಮನೆಗೆ ಒಯ್ಯಲು ಮೊದಲು ಅವನ್ನೇ ಕೊಡುವುದು ಇನ್ನೊಂದು. ಹರಿದ ಪುಸ್ತಕದ ದಂಡವನ್ನು ಮಗುವಿನಿಂದ ವಸೂಲು ಮಾಡುವುದಂತೂ ಎಲ್ಲ ರೀತಿಯಿಂದಲೂ ನಷ್ಟದ ವ್ಯವಹಾರ. ಇಪ್ಪತ್ತು ರೂಪಾಯಿ ಕೈಸೇರಬಹುದು, ಓದುಗನೊಬ್ಬ ಕೈತಪ್ಪುತ್ತಾನೆ.

ಪುಸ್ತಕಗಳ ಸಂಖ್ಯೆಯಿಂದ ಗ್ರಂಥಾಲಯವನ್ನು ಅಳೆಯುವ ರೂಢಿಯೂ ಈ ತೊಡಕಿನ ಇನ್ನೊಂದು ಮುಖ. ಎರಡು ಸಾವಿರ ಪುಸ್ತಕಗಳಿರುವ ಮುಚ್ಚಿದ ಕಪಾಟಿಗಿಂತ ತಿಂಗಳಿಗೆ ನೂರು ಬಾರಿ ಕೈಬದಲಾಗುವ ಐವತ್ತು ಪುಸ್ತಕಗಳು ಮೇಲು. ವಿತರಣಾ ವಹಿಯನ್ನು ತೆರೆದು ನೋಡಿದರೆ ಶಾಲೆಯ ಓದಿನ ಸ್ಥಿತಿ ತಿಳಿಯುತ್ತದೆ. ದಾಸ್ತಾನು ವಹಿಯಿಂದ ಅದು ತಿಳಿಯದು.

ಮನೆಮಾತು ಮತ್ತು ಪುಸ್ತಕದ ಮಾತು

ಸುಳ್ಯ, ಪುತ್ತೂರು, ಕಡಬ ತಾಲೂಕುಗಳ ಒಂದೇ ತರಗತಿಯಲ್ಲಿ ತುಳು, ಅರೆಭಾಷೆ, ಹವ್ಯಕ ಕನ್ನಡ, ಬ್ಯಾರಿ, ಮಲಯಾಳ, ಕೊಂಕಣಿ, ಮರಾಠಿ ಮನೆಮಾತಿನ ಮಕ್ಕಳು ಕುಳಿತಿರುವುದು ಸಾಮಾನ್ಯ. 1964ರ ಭಾರತ–ಶ್ರೀಲಂಕಾ ಒಪ್ಪಂದದ ತರುವಾಯ ಇಲ್ಲಿನ ಸರಕಾರಿ ರಬ್ಬರ್ ತೋಟಗಳಲ್ಲಿ ನೆಲೆಗೊಂಡ ಕುಟುಂಬಗಳ ಮಕ್ಕಳ ಮನೆಮಾತು ತಮಿಳು. ಪಠ್ಯಪುಸ್ತಕದ ಶಿಷ್ಟ ಕನ್ನಡ ಇವರಲ್ಲಿ ಬಹುಮಂದಿಗೆ ಶಾಲೆಯಲ್ಲಿ ಕಲಿಯುವ ಭಾಷೆ. ಅರೆಭಾಷೆ ಕನ್ನಡಕ್ಕೆ ಹತ್ತಿರವಾಗಿರುವುದರಿಂದ ಆ ಮಕ್ಕಳಿಗೆ ದಾರಿ ತುಸು ಸಲೀಸು. ತುಳುವಿನ ಮಗುವಿಗೆ ಅಕ್ಷರವೂ ಪದವೂ ಒಟ್ಟಿಗೇ ಹೊಸದು. ಬೆಕ್ಕಿನ ಚಿತ್ರ ಕಂಡೊಡನೆ ಆ ಮಗು ‘ಪುಚ್ಚೆ’ ಎನ್ನುತ್ತದೆ. ಕೆಳಗೆ ಅಚ್ಚಾಗಿರುವುದು ‘ಬೆಕ್ಕು’. ಪಕ್ಕದಲ್ಲಿರುವ ಮಲಯಾಳದ ಮಗುವಿಗೆ ಅದು ‘ಪೂಚ್ಚ’, ತಮಿಳಿನ ಮಗುವಿಗೆ ‘ಪೂನೈ’. ಓದಲು ತಡವರಿಸುವ ಮಗುವನ್ನು ದಡ್ಡನೆಂದು ಬಗೆಯುವ ಮೊದಲು ಈ ಅಂತರವನ್ನು ಗಣಿಸಬೇಕು.

ಚಿತ್ರಪುಸ್ತಕದ ಬೆಲೆ ತಿಳಿಯುವುದು ಇಲ್ಲಿಯೇ. ಶಿಕ್ಷಕರು ಚಿತ್ರಗಳನ್ನು ತೋರಿಸುತ್ತ ಕಥೆಯನ್ನು ಮೊದಲು ತುಳುವಿನಲ್ಲಿಯೋ ಅರೆಭಾಷೆಯಲ್ಲಿಯೋ ಹೇಳಿ, ಅನಂತರ ಅದೇ ಪುಸ್ತಕವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿದರೆ, ಅರ್ಥ ಮೊದಲೇ ತಿಳಿದಿರುವ ಮಗುವಿನ ಗಮನ ಪದಗಳ ಕಡೆಗೆ ಹರಿಯುತ್ತದೆ. ತರಗತಿಯಲ್ಲಿ ಮನೆಮಾತು ಆಡಬಾರದೆಂದು ಕೆಲವು ಶಾಲೆಗಳು ವಿಧಿಸುವ ಕಟ್ಟಳೆ ಈ ದೃಷ್ಟಿಯಿಂದ ಓದಿಗೆ ಅಡ್ಡಿಯೇ ಹೊರತು ಸಹಾಯವಲ್ಲ.

ಮನೆಮಾತು ಬೇರೆ, ಶಾಲೆಯ ಮಾತು ಬೇರೆ ಆಗಿರುವಲ್ಲಿ ಕಥೆಪುಸ್ತಕಗಳು ಮಾಡಬಲ್ಲ ಕೆಲಸಕ್ಕೆ ದೂರದ ಫಿಜಿ ದ್ವೀಪಗಳ ಪ್ರಯೋಗವೊಂದು ಸಾಕ್ಷಿಯಾಗಿದೆ. ಅಲ್ಲಿನ ಮಕ್ಕಳ ಮನೆಮಾತು ಫಿಜಿಯನ್ ಅಥವಾ ಹಿಂದಿ. ಮೇಲಿನ ತರಗತಿಗಳ ಕಲಿಕೆಯ ಭಾಷೆ ಇಂಗ್ಲಿಷ್. ವಾರ್ವಿಕ್ ಎಲ್ಲಿ ಮತ್ತು ಫ್ರಾನ್ಸಿಸ್ ಮಂಗೂಭಾಯ್ ಎಂಬ ವಿದ್ವಾಂಸರು ಕೆಲವು ಗ್ರಾಮೀಣ ಶಾಲೆಗಳ ತರಗತಿಗಳಿಗೆ ಸುಮಾರು 250 ಚಿತ್ರಕಥೆಗಳ ಪುಸ್ತಕಗಳನ್ನು ಒದಗಿಸಿದರು. ಶಿಕ್ಷಕರು ಅವನ್ನು ಮಕ್ಕಳೊಂದಿಗೆ ಕೂಡಿ ಓದಿದರು, ಇಲ್ಲವೇ ಮಕ್ಕಳಿಗೆ ಮೌನವಾಗಿ ಓದಲು ಬಿಟ್ಟರು. 1983ರಲ್ಲಿ ಪ್ರಕಟವಾದ ಈ ಅಧ್ಯಯನದ ಪ್ರಕಾರ, ಎಂಟು ತಿಂಗಳ ಬಳಿಕ ಆ ಮಕ್ಕಳ ಓದಿನ ಪ್ರಗತಿ ಸಾಮಾನ್ಯ ಪ್ರಗತಿಯ ಸುಮಾರು ಎರಡರಷ್ಟಿತ್ತು. ‘ಪುಸ್ತಕ ಪ್ರವಾಹ’ವೆಂದು ಹೆಸರಾದ ಈ ಪ್ರಯೋಗದಲ್ಲಿ ಹೊಸ ಕಟ್ಟಡವಾಗಲಿ ಯಂತ್ರವಾಗಲಿ ಇರಲಿಲ್ಲ.

ಓದಲು ಬಾರದ ಮಗುವಿಗೆ ಉಳಿದ ವಿಷಯಗಳೂ ದೂರವಾಗುತ್ತವೆ. ಗಣಿತದ ಲೆಕ್ಕವಾದರೂ ಅಚ್ಚಾಗಿರುವುದು ವಾಕ್ಯದಲ್ಲಿಯೇ. ದೇಶದ ಗ್ರಾಮೀಣ ಮಕ್ಕಳ ಓದಿನ ಮಟ್ಟವನ್ನು 2005ರಿಂದ ಅಳೆಯುತ್ತಿರುವ ‘ಅಸರ್’ ವರದಿಯಲ್ಲಿ, ಎರಡನೆಯ ತರಗತಿಯ ಪಠ್ಯವನ್ನು ಸರಾಗವಾಗಿ ಓದಬಲ್ಲ ಮೂರನೆಯ ತರಗತಿಯ ಮಕ್ಕಳ ಪ್ರಮಾಣ 2018ರಲ್ಲಿ ನೂರಕ್ಕೆ ಸುಮಾರು 27 ಇದ್ದದ್ದು, ಕೋವಿಡ್ ಕಾಲದ ಶಾಲಾ ಮುಚ್ಚುಗಡೆಯ ಬಳಿಕ 2022ರಲ್ಲಿ 20ರ ಆಸುಪಾಸಿಗೆ ಇಳಿದು, 2024ರಲ್ಲಿ ಮತ್ತೆ 27ರಷ್ಟಾಯಿತು. ಚೇತರಿಕೆಯ ಅನಂತರವೂ ನಾಲ್ವರಲ್ಲಿ ಮೂವರು ಮಕ್ಕಳು ಹಿಂದುಳಿದಿದ್ದಾರೆಂಬುದೇ ಇದರ ತಾತ್ಪರ್ಯ.

ಓದಿಸುವ ಕ್ರಮಗಳು

ಗಟ್ಟಿಯಾಗಿ ಓದಿ ಹೇಳುವುದು ಎಲ್ಲಕ್ಕಿಂತ ಮುಖ್ಯವಾದುದು. ಯಕ್ಷಗಾನ, ತಾಳಮದ್ದಳೆಗಳ ನಾಡಿನಲ್ಲಿ ಮಕ್ಕಳ ಕಿವಿ ಮೊದಲೇ ಹದಗೊಂಡಿರುತ್ತದೆ. ರಾತ್ರಿಯಿಡೀ ಅಭಿಮನ್ಯುವಿನ ಕಥೆಯನ್ನು ಕಂಡು ಬಂದ ಮಗು ಮರುದಿನ ಶಾಲೆಯಲ್ಲಿ ತೂಕಡಿಸಬಹುದು. ಆದರೆ ಮಕ್ಕಳ ಮಹಾಭಾರತವನ್ನು ಅದರ ಕೈಗಿತ್ತರೆ ಗೊತ್ತಿರುವ ಕಥೆಯ ಬಲದಿಂದ ಗೊತ್ತಿಲ್ಲದ ಪದಗಳನ್ನು ದಾಟುತ್ತದೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು ರೂಪಿಸಿದ ‘ಅಮರ ಚಿತ್ರ ಕಥೆ’ಯ ಪುಸ್ತಕಗಳು ಓದಲು ಹಿಂಜರಿಯುವ ದೊಡ್ಡ ಮಕ್ಕಳಿಗೆ ಇದೇ ಕಾರಣದಿಂದ ಹಿಡಿಸುತ್ತವೆ. ದಿನಕ್ಕೆ ಹತ್ತು ನಿಮಿಷ, ಮಧ್ಯಾಹ್ನದ ಬಿಸಿಯೂಟದ ಬಳಿಕ, ಶಿಕ್ಷಕರು ಕಥೆಯೊಂದನ್ನು ಓದಿ ಕುತೂಹಲದ ಘಟ್ಟದಲ್ಲಿ ನಿಲ್ಲಿಸಿದರೆ, ಸಂಜೆ ಆ ಪುಸ್ತಕಕ್ಕಾಗಿ ಮಕ್ಕಳು ತಾವಾಗಿಯೇ ಸಾಲು ನಿಲ್ಲುತ್ತಾರೆ. ಹಳೆಯ ಉಪಾಯವಾದರೂ ಇದು ಸೋಲುವುದು ಅಪರೂಪ.

ಎರಡನೆಯದು, ಪುಸ್ತಕವನ್ನು ಕಾಣುವಂತೆ ಇಡುವುದು. ಬೆನ್ನು ಮಾತ್ರ ತೋರುವ ಸಾಲಿನಿಂದ ಚಿಕ್ಕ ಮಗು ಪುಸ್ತಕವನ್ನು ಆರಿಸಲಾರದು. ಅದಕ್ಕೆ ಮುಖಪುಟ ಬೇಕು. ಹಗ್ಗ ಮತ್ತು ಬಟ್ಟೆ ಒಣಗಿಸುವ ಕ್ಲಿಪ್ಪುಗಳಿಂದ ಅರ್ಧ ದಿನದಲ್ಲಿ ಇದನ್ನು ಮಾಡಬಹುದು.

ಮೂರನೆಯದು ವಾರಕ್ಕೊಮ್ಮೆ ಮನೆಗೆ ಪುಸ್ತಕ ಕೊಡುವುದು. ಶನಿವಾರ ಒಯ್ದು ಸೋಮವಾರ ತರುವ ಪದ್ಧತಿ ಅನುಕೂಲಕರ. ವಿತರಣಾ ವಹಿಯನ್ನು ಐದು, ಆರನೆಯ ತರಗತಿಯ ಮಕ್ಕಳೇ ಸರದಿಯಂತೆ ಬರೆಯಬಹುದು. ಹೀಗೆ ಮನೆಗೆ ಹೋದ ಪುಸ್ತಕವನ್ನು ಅಕ್ಕ, ಅಮ್ಮ, ಅಜ್ಜ ಕೂಡ ಓದುತ್ತಾರೆ. ಓದು ಬಾರದ ಅಜ್ಜಿಗೆ ಮೊಮ್ಮಗಳು ಓದಿ ಹೇಳುತ್ತಾಳೆ. ಪ್ರತಿಯಾಗಿ ಅಜ್ಜಿಯಿಂದ ಒಂದು ಅಜ್ಜಿಕತೆ ಹೊರಡುತ್ತದೆ. ಅದನ್ನು ಕನ್ನಡದಲ್ಲಿ ಬರೆದು ಚಿತ್ರ ಬಿಡಿಸಿ ಹೊಲಿದರೆ ಗ್ರಂಥಾಲಯಕ್ಕೆ ಹೊಸ ಪುಸ್ತಕವೊಂದು ಸೇರಿದಂತೆ. ಅರೆಭಾಷೆ, ತುಳು ಕಥೆಗಳ ಮಕ್ಕಳ ಪುಸ್ತಕಗಳು ಕಡಿಮೆಯಿರುವ ಈ ಸೀಮೆಯಲ್ಲಿ ಇಂತಹ ಕೈಬರಹದ ಪುಸ್ತಿಕೆಗಳನ್ನು ಕೀಳಾಗಿ ಕಾಣಬಾರದು.

ಓದಿದ ಪ್ರತಿಯೊಂದು ಪುಸ್ತಕಕ್ಕೂ ಸಾರಾಂಶ ಬರೆಸುವುದು, ನೀತಿ ಏನೆಂದು ಕೇಳುವುದು, ಅಂಕ ಕೊಡುವುದು ಇವು ಸದುದ್ದೇಶದಿಂದಲೇ ನಡೆಯುತ್ತವೆಯಾದರೂ, ಕಥೆಪುಸ್ತಕವನ್ನು ಇನ್ನೊಂದು ಪಾಠವನ್ನಾಗಿ ಮಾಡಿಬಿಡುತ್ತವೆ. ಅರ್ಧಕ್ಕೇ ಬಿಟ್ಟು ಬೇರೆ ಪುಸ್ತಕ ಕೇಳುವ, ಒಂದೇ ಪುಸ್ತಕವನ್ನು ಐದು ಬಾರಿ ಒಯ್ಯುವ ಸ್ವಾತಂತ್ರ್ಯ ಮಗುವಿಗೆ ಇರಬೇಕು. ಹೇಳಲೇಬೇಕೆನಿಸಿದ ಮಗು ತಾನಾಗಿ ಹೇಳುತ್ತದೆ.

ಪುಸ್ತಕಗಳ ಆಯ್ಕೆ

ಕರ್ನಾಟಕದಲ್ಲಿ ಕೆಳ ತರಗತಿಗಳ ಕಲಿಕೆ ‘ನಲಿ-ಕಲಿ’ ಪದ್ಧತಿಯಲ್ಲಿ ನಡೆದುಬಂದಿದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಆರಂಭವಾದ ಈ ಪದ್ಧತಿಯಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸದೆ ರ, ಗ, ಸ, ದ, ಅ ಎಂಬ ಗುಂಪಿನಿಂದ ತೊಡಗುತ್ತಾರೆ. ಐದೇ ಅಕ್ಷರ ಬಲ್ಲ ಮಗು ‘ಸರ’, ‘ಅರಸ’ ಎಂದು ಓದಬಲ್ಲದು. ಆದ್ದರಿಂದ ಮೊದಲ ಹಂತದ ಪುಸ್ತಕದಲ್ಲಿ ಪುಟಕ್ಕೆ ಒಂದೆರಡು ವಾಕ್ಯಗಳಿದ್ದು, ಒತ್ತಕ್ಷರಗಳು ವಿರಳವಾಗಿರಬೇಕು. ಕನ್ನಡದಲ್ಲಿ ಓದು ಮುಗ್ಗರಿಸುವುದು ಬಹುತೇಕ ಒತ್ತಕ್ಷರದ ಬಳಿಯಲ್ಲಿಯೇ. ಅನುದಾನದಲ್ಲಿ ಬರುವ ಪುಸ್ತಕಗಳಲ್ಲಿ ದೊಡ್ಡವರಿಗೆ ತಕ್ಕ ಜೀವನಚರಿತ್ರೆಗಳೂ ವಿಚಾರ ಗ್ರಂಥಗಳೂ ಬಹಳವಾಗಿದ್ದು, ಆರು-ಏಳು ವರ್ಷದ ಮಗು ಓದಬಹುದಾದವು ಕೆಲವೇ ಇರುವುದು ಹಳೆಯ ದೂರು.

ಬೆಂಗಳೂರಿನ ‘ಪ್ರಥಮ್ ಬುಕ್ಸ್’ (ಸ್ಥಾಪನೆ 2004) ನಾಲ್ಕು ಹಂತಗಳಲ್ಲಿ ವಿಂಗಡಿಸಿದ ಅಗ್ಗದ ಚಿತ್ರಪುಸ್ತಕಗಳನ್ನು ಕನ್ನಡದಲ್ಲಿಯೂ ತರುತ್ತದೆ. ಅದರ ‘ಸ್ಟೋರಿವೀವರ್’ ಜಾಲತಾಣದಿಂದ 2015ರಿಂದ ಕಥೆಗಳನ್ನು ಉಚಿತವಾಗಿ ಇಳಿಸಿಕೊಳ್ಳಬಹುದು. ನ್ಯಾಷನಲ್ ಬುಕ್ ಟ್ರಸ್ಟ್‌ನ ನೆಹರೂ ಬಾಲ ಪುಸ್ತಕಾಲಯ ಮಾಲೆ, ರಾಷ್ಟ್ರೋತ್ಥಾನದ ‘ಭಾರತ ಭಾರತಿ’ ಕಿರುಪುಸ್ತಕಗಳು, ನವಕರ್ನಾಟಕದ ವಿಜ್ಞಾನ ಪುಸ್ತಕಗಳು ಮೇಲಿನ ತರಗತಿಗಳಿಗೆ ಒದಗುತ್ತವೆ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲವಿಜ್ಞಾನ’ ಮಾಸಪತ್ರಿಕೆಯೂ ಹಾಗೆಯೇ. ‘ಚಂದಮಾಮ’ದ ಪ್ರಕಟಣೆ ನಿಂತುಹೋಗಿದೆಯಾದರೂ ಹಳೆಯ ಮನೆಗಳ ಅಟ್ಟದಲ್ಲಿ ಅದರ ಕಟ್ಟುಗಳಿರುವುದುಂಟು, ಕೇಳಿದರೆ ಕೊಡುವವರಿದ್ದಾರೆ.

ಮಳೆಗಾಲ ಮತ್ತು ಪುಸ್ತಕ ರಕ್ಷಣೆ

ಪಶ್ಚಿಮ ಘಟ್ಟದ ಬುಡದ ಈ ಪ್ರದೇಶದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಗೋಡೆಗೆ ತಾಗಿಸಿದ ಮುಚ್ಚಿದ ಕಪಾಟಿನಲ್ಲಿ ಪುಸ್ತಕಗಳಿಗೆ ಬೂಷ್ಟು ಹಿಡಿಯುತ್ತದೆ, ಮರದ ಕಪಾಟಾದರೆ ಗೆದ್ದಲು ಏರುತ್ತದೆ. ಕಪಾಟನ್ನು ಗೋಡೆಯಿಂದ ನಾಲ್ಕು ಬೆರಳು ದೂರವಿರಿಸುವುದು, ಕಾಲುಗಳ ಕೆಳಗೆ ಕಲ್ಲಿಡುವುದು, ಬಿಸಿಲು ಕಂಡ ದಿನ ಪುಸ್ತಕಗಳನ್ನು ಹೊರಗಿಟ್ಟು ಗಾಳಿಯಾಡಿಸುವುದು, ನುಸಿಗುಳಿಗೆ ಹಾಕಿದರೆ ಅದು ಚಿಕ್ಕ ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳುವುದು ಇಲ್ಲಿ ರೂಢಿಯ ಎಚ್ಚರಿಕೆಗಳು. ಮಳೆಗಾಲದಲ್ಲಿ ಪುಸ್ತಕ ಮನೆಗೆ ಕೊಡುವಾಗ ಪ್ಲಾಸ್ಟಿಕ್ ಚೀಲವೊಂದನ್ನು ಜೊತೆಗೆ ಕೊಟ್ಟರೆ ಸಾಕು. ದಿನವೂ ಕೈಯಾಡುವ ಪುಸ್ತಕಕ್ಕೆ ಬೂಷ್ಟು ಹಿಡಿಯುವುದು ಕಡಿಮೆ ಎಂಬುದನ್ನೂ ಬೀಗದ ಪರವಾಗಿ ವಾದಿಸುವವರು ಗಮನಿಸಬಹುದು.

ಗ್ರಾಮ ಪಂಚಾಯತ್ ಗ್ರಂಥಾಲಯಗಳು ಮತ್ತು ನೆರೆಯ ಕಾಸರಗೋಡು

1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯ ಅಡಿಯಲ್ಲಿ ಬೆಳೆದ 5,600ಕ್ಕೂ ಹೆಚ್ಚು ಗ್ರಾಮೀಣ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ವರ್ಗಾಯಿಸಲಾಯಿತು. ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ಇಲಾಖೆಯು ‘ಓದುವ ಬೆಳಕು’ ಕಾರ್ಯಕ್ರಮವನ್ನು ಆರಂಭಿಸಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ನೀಡಿತು. ‘ಅರಿವು ಕೇಂದ್ರ’ಗಳೆಂದು ಹೆಸರು ಪಡೆದಿರುವ ಈ ಗ್ರಂಥಾಲಯಗಳಿಂದ ತಿಂಗಳಿಗೊಮ್ಮೆ ಪುಸ್ತಕಗಳ ಒಂದು ಕಟ್ಟನ್ನು ಶಾಲೆಗೆ ತರಿಸಿಕೊಂಡು ಹಿಂದಿರುಗಿಸುವ ಏರ್ಪಾಡು ಮಾಡಿಕೊಂಡರೆ, ಮಕ್ಕಳ ಸಂಖ್ಯೆ ಇಳಿಯುತ್ತಿರುವ ಸಣ್ಣ ಶಾಲೆಗಳಿಗೂ ಹೊಸ ಪುಸ್ತಕಗಳ ಕೊರತೆಯಾಗದು.

ಸುಳ್ಯಕ್ಕೆ ತಾಗಿಕೊಂಡಿರುವ ಕಾಸರಗೋಡು ಜಿಲ್ಲೆಯಲ್ಲಿ ಓದಿಗೆ ಇನ್ನೊಂದು ಬಗೆಯ ಬೆಂಬಲವಿದೆ. ಕೇರಳದ ಗ್ರಂಥಾಲಯ ಚಳವಳಿಯ ನೇತಾರ ಪಿ. ಎನ್. ಪಣಿಕ್ಕರ್ ಅವರು ನಿಧನರಾದ ಜೂನ್ 19ನ್ನು 1996ರಿಂದ ಆ ರಾಜ್ಯವು ವಾಚನ ದಿನವಾಗಿ ಆಚರಿಸುತ್ತಿದೆ. ಗಡಿಯ ಕನ್ನಡ ಮಾಧ್ಯಮ ಶಾಲೆಗಳಲ್ಲಿಯೂ ಇದು ನಡೆಯುತ್ತದೆ. ಶಾಲಾ ವರ್ಷದ ಆರಂಭದಲ್ಲಿಯೇ ಬರುವುದು ಈ ದಿನದ ಅನುಕೂಲ: ಕಪಾಟು ತೆರೆಯಲು ಡಿಸೆಂಬರಿನ ವಾರ್ಷಿಕೋತ್ಸವದವರೆಗೆ ಕಾಯಬೇಕಾಗುವುದಿಲ್ಲ.